ಹಾಸನದಲ್ಲಿ ಖಾಸಗಿ ಎಫ್.ಎಂ. ಇತ್ತೇ, ಇನ್ನಾದರೂ ಬರುವುದೇ?

ಓದುಗರ ಪ್ರಶ್ನೆ: ನಾನು ಹಾಸನದವನು, ವಯಸ್ಸು 36. ಬಿ.ಎಂ. ರಸ್ತೆಯ ಹತ್ತಿರ ಸಣ್ಣದೊಂದು ಧ್ವನಿಮುದ್ರಣದ ಕೋಣೆ ಇಟ್ಟುಕೊಂಡು ಆಟೋ ಪ್ರಚಾರಕ್ಕೆ, ಜಾತ್ರೆಯ ಮೈಕಿಗೆ, ಅಂಗಡಿಗಳ ಉದ್ಘಾಟನೆಗೆ ಧ್ವನಿ ಕೊಡುತ್ತೇನೆ. ನಮ್ಮ ಸಂಘದ ಸ್ಮರಣ ಸಂಚಿಕೆಗೆ ಊರಿನ ವಾಣಿಜ್ಯ ಎಫ್.ಎಂ. ಕೇಂದ್ರದ ಇತಿಹಾಸ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಈಗ ಪೇಚಿಗೆ ಸಿಕ್ಕಿದ್ದೇನೆ. 2008ರ ಸುಮಾರಿಗೆ ಹಾಸನದಲ್ಲಿ 92.7 ಎಂಬ ಖಾಸಗಿ ಕೇಂದ್ರ ನಡೆಯುತ್ತಿತ್ತು, ಆಮೇಲೆ ಮುಚ್ಚಿತು ಎಂದು ಸ್ನೇಹಿತನೊಬ್ಬ ಆಣೆ ಮಾಡಿ ಹೇಳುತ್ತಾನೆ; ಮುಳ್ಳಯ್ಯನಗಿರಿಯ ಮೇಲೂ ಕಾರಿನಲ್ಲೂ ತಾನೇ ಕೇಳಿದ್ದೇನೆ ಎನ್ನುತ್ತಾನೆ. ನಮ್ಮ ತಂದೆಯವರು ಮಾತ್ರ, 102.2ರಲ್ಲಿ ಅಂಗಡಿಗಳ ಜಾಹೀರಾತು ಬರುತ್ತಿತ್ತಲ್ಲ, ಅದೇ ನಮ್ಮ ವಾಣಿಜ್ಯ ಎಫ್.ಎಂ. ಎನ್ನುತ್ತಾರೆ. ಬೆಟ್ಟಗುಡ್ಡಗಳಿಂದಾಗಿ ಇಲ್ಲಿ ಎಫ್.ಎಂ. ಓಡುವುದಿಲ್ಲ ಎನ್ನುವವರೂ ಇದ್ದಾರೆ. ಈ ನಡುವೆ ಬೆಂಗಳೂರಿನವರೊಬ್ಬರು, 18 ಲಕ್ಷ ಕೊಟ್ಟರೆ ಹಾಸನಕ್ಕೆ 'ಎಫ್.ಎಂ. ಫ್ರಾಂಚೈಸಿ' ಮಾಡಿಸಿಕೊಡುತ್ತೇನೆ, ಕಡಿಮೆ ಶಕ್ತಿಯ ಯಂತ್ರಕ್ಕೆ ಪರವಾನಗಿಯೇ ಬೇಡ ಎಂದಿದ್ದಾರೆ. ನಾನು ಏನು ಬರೆಯಲಿ, ಏನು ಮಾಡಲಿ?

ಉತ್ತರ: ನೀವು ಕೇಳಿದ ಕ್ರಮವನ್ನು ತಿರುಗಿಸಿ, ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಲೇಖನ ತಪ್ಪಿದರೆ ಮುಂದಿನ ಸಂಚಿಕೆಯಲ್ಲಿ ತಿದ್ದಬಹುದು, 18 ಲಕ್ಷವನ್ನು ಹಾಗೆ ತಿದ್ದಲಾಗದು. ಆ ಹಣವನ್ನು ಸದ್ಯಕ್ಕೆ ಯಾರಿಗೂ ಕೊಡಬೇಡಿ. ಭಾರತದಲ್ಲಿ ಎಫ್.ಎಂ. ಪ್ರಸಾರಕ್ಕೆ ಅನುಮತಿ ಕೊಡುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ. ವಾಣಿಜ್ಯ ಕೇಂದ್ರದ ಅನುಮತಿ ಹರಾಜಿನ ಮೂಲಕವೇ ಸಿಗುತ್ತದೆ, ಮಧ್ಯವರ್ತಿಯ ಕೈಯಿಂದಲ್ಲ. ಕಡಿಮೆ ಶಕ್ತಿಯ ಯಂತ್ರಕ್ಕೆ ಪರವಾನಗಿ ಬೇಡ ಎಂಬುದು ಅಪಾಯದ ಸುಳ್ಳು. ಎಫ್.ಎಂ. ಪಟ್ಟಿ 108 ಮೆಗಾಹರ್ಟ್ಸ್‌ಗೆ ಮುಗಿದರೆ ಅಲ್ಲಿಂದಲೇ ವಿಮಾನಗಳ ದಿಕ್ಸೂಚನೆಯ ಪಟ್ಟಿ ಆರಂಭವಾಗುತ್ತದೆ, ಮತ್ತು ಅಗ್ಗದ ಟ್ರಾನ್ಸ್‌ಮಿಟರುಗಳು ತಮಗೆ ಗೊತ್ತುಪಡಿಸಿದ ಜಾಗದಲ್ಲಷ್ಟೇ ಅಲ್ಲದೆ ಅಕ್ಕಪಕ್ಕದಲ್ಲೂ ಗದ್ದಲ ಎಬ್ಬಿಸುತ್ತವೆ. ಸಿಕ್ಕಿಬಿದ್ದರೆ ಯಂತ್ರ ಜಪ್ತಿಯಾಗುವುದು, ಮೊಕದ್ದಮೆ ಬೀಳುವುದು ನಿಮ್ಮ ಮೇಲೆ. ಮಾರಿದವರು ಅಷ್ಟು ಹೊತ್ತಿಗೆ ಫೋನ್ ಎತ್ತುವುದನ್ನು ಬಿಟ್ಟಿರುತ್ತಾರೆ.

ಇನ್ನು ಇತಿಹಾಸಕ್ಕೆ ಬರೋಣ. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಖಾಸಗಿ ವಾಣಿಜ್ಯ ಎಫ್.ಎಂ. ಕೇಂದ್ರಕ್ಕೆ ಅನುಮತಿ ದೊರೆತು, ಅದು ನಡೆದು, ಆಮೇಲೆ ಮುಚ್ಚಿದ್ದು ಎಂಬುದು ಇಲ್ಲ. ಹಾಗೆಂದು ನಿಮ್ಮ ಸ್ನೇಹಿತ ಸುಳ್ಳು ಹೇಳುತ್ತಿದ್ದಾನೆಂದೂ ನಾನು ಹೇಳಲಾರೆ. ಆತ 92.7 ಕೇಳಿರುವುದು ನಿಜವಿರಬಹುದು, ಅದು ಹಾಸನದ್ದು ಎಂದುಕೊಂಡದ್ದು ಮಾತ್ರ ತಪ್ಪು. ಈ ತಪ್ಪು ತಿಳಿವಳಿಕೆ ಬಂದ ದಾರಿ ಸ್ವಾರಸ್ಯವಾಗಿದೆ, ನಿಮ್ಮ ಲೇಖನಕ್ಕೂ ಅದೇ ಒಳ್ಳೆಯ ಪ್ರವೇಶವಾದೀತು.

ಖಾಸಗಿ ಎಫ್.ಎಂ. ಕಂಪನಿಗಳು ಬೇರೆ ಬೇರೆ ಊರುಗಳಲ್ಲಿ ಸಾಧ್ಯವಾದಷ್ಟೂ ಒಂದೇ ಸಂಖ್ಯೆಯನ್ನು ಪಡೆಯಲು ಯತ್ನಿಸಿದವು, ಏಕೆಂದರೆ ಆ ಸಂಖ್ಯೆಯೇ ಅವರ ನಾಮಫಲಕ. ಹಾಗಾಗಿ 92.7 ಎಂಬುದು ಬೆಂಗಳೂರಿನಲ್ಲೂ ಇತ್ತು, ಮೈಸೂರಿನಲ್ಲೂ ಇತ್ತು, ಮಂಗಳೂರಿನಲ್ಲೂ ಇತ್ತು, 93.5ರ ಕಥೆಯೂ ಇದೇ. ಈಗ ಬೆಂಗಳೂರಿನಿಂದ ಮಂಗಳೂರಿಗೆ ಹೊರಟ ಕಾರನ್ನು ನೆನಪಿಸಿಕೊಳ್ಳಿ. ನೆಲಮಂಗಲದವರೆಗೆ ಚೆನ್ನಾಗಿ ಕೇಳುತ್ತಿದ್ದ ಕೇಂದ್ರ ಕುಣಿಗಲ್ ಆಸುಪಾಸಿನಲ್ಲಿ ಕರಕರ ಎನ್ನತೊಡಗುತ್ತದೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳಲ್ಲಿ ಬರೀ ಸೊಂಯ್ ಎನ್ನುತ್ತದೆ, ಶಿರಾಡಿ ಘಾಟಿ ಇಳಿದು ಬಯಲಿಗೆ ಬಿದ್ದಮೇಲೆ ಅದೇ ಸಂಖ್ಯೆಯಲ್ಲಿ, ಅದೇ ಹೆಸರಿನಲ್ಲಿ ಮತ್ತೆ ಹಾಡು ಹಿಡಿಯುತ್ತದೆ. ಡಯಲ್ ಮುಟ್ಟದೆ ಕುಳಿತವನಿಗೆ ಇವು ಎರಡು ಬೇರೆ ಕೇಂದ್ರಗಳು ಎಂದು ಅನ್ನಿಸುವುದೇ ಇಲ್ಲ. ಒಂದೇ ಕೇಂದ್ರ ನಡುವೆ ನಿಂತುಹೋಗಿತ್ತು ಎನ್ನಿಸುತ್ತದೆ. ಹಾಸನದವನಿಗೆ ಅದು "ನಮ್ಮೂರಲ್ಲಿ ಮುಚ್ಚಿಹೋಯಿತು" ಎಂಬ ನೆನಪಾಗಿ ಉಳಿದಿದ್ದರೆ ಆಶ್ಚರ್ಯವಿಲ್ಲ.

ಮುಳ್ಳಯ್ಯನಗಿರಿಯ ಮಾತು ಬೇರೆ. ಎಫ್.ಎಂ. ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತವೆ. ಭೂಮಿಯ ಬಾಗು ಮತ್ತು ಅಡ್ಡ ಬರುವ ಗುಡ್ಡ ಎರಡೂ ಅವನ್ನು ತಡೆಯುತ್ತವೆ. ಎಷ್ಟು ದೂರದವರೆಗೆ ಈ ನೋಟ ಹಾಯುತ್ತದೆ ಎಂಬುದಕ್ಕೆ ನಾವು ಬಳಸುವ ಕೈಲೆಕ್ಕವಿದೆ: ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಉತ್ತರ ಬರುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗೆ ಈ ಲೆಕ್ಕ ಹಾಕಿದರೆ ಸುಮಾರು 180 ಕಿ.ಮೀ. ಆಗುತ್ತದೆ. ಅಲ್ಲಿಂದ ಮಂಗಳೂರು ಹಕ್ಕಿ ಹಾರುವ ದಾರಿಯಲ್ಲಿ 110 ಕಿ.ಮೀ. ಆಸುಪಾಸು. ಎಂದಮೇಲೆ ಶಿಖರದಲ್ಲಿ ನಿಂತು ಮೊಬೈಲಿಗೆ ಇಯರ್‌ಫೋನ್ ಚುಚ್ಚಿದವನಿಗೆ ಮಂಗಳೂರಿನ ಖಾಸಗಿ ಕೇಂದ್ರ ಸಿಗುವುದರಲ್ಲಿ ಪವಾಡವೇನೂ ಇಲ್ಲ. ಅದೇ ಮನುಷ್ಯ ಚಿಕ್ಕಮಗಳೂರಿನ ಎಂ.ಜಿ. ರಸ್ತೆಗೆ ಇಳಿದು ಬಂದರೆ ಗಿರಿಶ್ರೇಣಿ ಅಡ್ಡ ನಿಂತು ಎಲ್ಲವೂ ಮಾಯವಾಗುತ್ತದೆ. ಎತ್ತರದ ಜಾಗದಲ್ಲಿ ಮಂಗಳೂರು ಮತ್ತು ಮೈಸೂರು ಎರಡರ ಅಲೆಯೂ ಒಂದೇ ಸಂಖ್ಯೆಯಲ್ಲಿ ಬಂದರೆ ಇನ್ನೂ ಒಂದು ಚಮತ್ಕಾರ ನಡೆಯುತ್ತದೆ. ಎ.ಎಂ. ರೇಡಿಯೊದಂತೆ ಎರಡೂ ಧ್ವನಿ ಕಲಸಿಹೋಗದೆ, ಎಫ್.ಎಂ. ಗ್ರಾಹಕ ಬಲವಾದದ್ದನ್ನು ಹಿಡಿದುಕೊಂಡು ದುರ್ಬಲವಾದದ್ದನ್ನು ನುಂಗಿಬಿಡುತ್ತದೆ. ತಿರುವೊಂದು ದಾಟಿದರೆ ಬಲಾಬಲ ಬದಲಾಗಿ ಇನ್ನೊಂದು ಊರಿನ ಜಾಹೀರಾತು ಕೇಳಿಸುತ್ತದೆ. ಇದನ್ನು ಅನುಭವಿಸಿದವರು ಯಾವ ಕೇಂದ್ರವನ್ನು ಎಲ್ಲಿಯದೆಂದು ಬೇಕಾದರೂ ನಂಬಬಹುದು.

ನಿಮ್ಮ ತಂದೆಯವರ ಮಾತಿನಲ್ಲಿ ನಿಮ್ಮ ಸ್ನೇಹಿತನ ಮಾತಿಗಿಂತ ಹೆಚ್ಚು ಹುರುಳಿದೆ. ಹಾಸನದ 102.2 ಆಕಾಶವಾಣಿಯ ಕೇಂದ್ರ, ಅಂದರೆ ಇಂದಿನ ಪ್ರಸಾರ ಭಾರತಿಯದು. ಲಾಭದ ಉದ್ದೇಶದ ವಾಣಿಜ್ಯ ಕೇಂದ್ರವೆಂದು ಅದನ್ನು ಕರೆಯಲಾಗದು. ಆದರೆ ಜಾಹೀರಾತು ಪ್ರಸಾರ ಮಾಡುವುದು ಬೇರೆ, ವಾಣಿಜ್ಯ ಕೇಂದ್ರವಾಗಿರುವುದು ಬೇರೆ ಎಂಬ ಗೆರೆಯನ್ನು ಕೇಳುಗರು ಎಂದೂ ಎಳೆದುಕೊಂಡಿರಲಿಲ್ಲ, ಎಳೆದುಕೊಳ್ಳಬೇಕಾದ ಅಗತ್ಯವೂ ಇರಲಿಲ್ಲ. ಆಕಾಶವಾಣಿಯ ವಿವಿಧ ಭಾರತಿಯಲ್ಲಿ 1967ರ ನವೆಂಬರ್ 1ರಿಂದಲೇ ಜಾಹೀರಾತು ಆರಂಭವಾಗಿತ್ತು. ಮುಂದೆ ಜಿಲ್ಲಾಮಟ್ಟದ ಕೇಂದ್ರಗಳೂ ಪ್ರಾಯೋಜಿತ ಕಾರ್ಯಕ್ರಮಗಳನ್ನು, ಸ್ಪಾಟ್ ಜಾಹೀರಾತುಗಳನ್ನು ತೆಗೆದುಕೊಂಡವು. ಕೃಷಿರಂಗದ ಹಿಂದೆಮುಂದೆ ಬಿತ್ತನೆ ಬೀಜ, ಗೊಬ್ಬರ, ಔಷಧಿಯ ಜಾಹೀರಾತು, ಚಿತ್ರಗೀತೆಗಳ ನಡುವೆ ಬಟ್ಟೆಯಂಗಡಿ ಮತ್ತು ಒಡವೆ ಅಂಗಡಿ: ಊರಿನ ವ್ಯಾಪಾರಿಗೆ ತನ್ನ ಅಂಗಡಿಯ ಹೆಸರು ಗಾಳಿಯಲ್ಲಿ ಬರುವ ಸುಖ ಮೊದಲು ಸಿಕ್ಕಿದ್ದು ಇಲ್ಲಿಯೇ. 102.2 ಬರುವುದಕ್ಕೂ ಮೊದಲು ಮಲೆನಾಡಿನ ಕಡೆಯವರು 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯನ್ನು ಮಧ್ಯಮ ತರಂಗದ 675 ಕಿಲೋಹರ್ಟ್ಸ್‌ನಲ್ಲಿ ಹಿಡಿಯುತ್ತಿದ್ದರು. ಮಧ್ಯಮ ತರಂಗ ನೆಲಕ್ಕಂಟಿಕೊಂಡು ಬಾಗಿ ಹೋಗುವುದರಿಂದ ಕಣಿವೆಯ ಎಸ್ಟೇಟ್ ಲೈನುಗಳಿಗೂ ಅದು ತಲುಪುತ್ತಿತ್ತು, ಎಫ್.ಎಂ.ನ ಸ್ವಚ್ಛ ಧ್ವನಿ ಬಂದಾಗ ಆ ಅನುಕೂಲ ಕೈಬಿಟ್ಟುಹೋಯಿತು. ಇದನ್ನು ನಷ್ಟವೆಂದು ಯಾರೂ ಬರೆದಿಡಲಿಲ್ಲ, ನೀವು ಬರೆಯಿರಿ.

ಹಾಗಾದರೆ ಖಾಸಗಿಯವರು ಏಕೆ ಬರಲಿಲ್ಲ? ಬೆಟ್ಟಗಳನ್ನು ದೂರುವುದು ಸುಲಭ, ಆದರೆ ಹಾಸನದ ಮಟ್ಟಿಗೆ ಅದು ಸರಿಯಲ್ಲ. ಹಾಸನ ನಗರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ, ಬಹುಪಾಲು ಬಯಲಾದ ಪ್ರಸ್ಥಭೂಮಿಯಲ್ಲಿದೆ. ಇಂಥ ಜಾಗದಲ್ಲಿ 75 ಮೀಟರ್ ಎತ್ತರದ ಗೋಪುರಕ್ಕೆ ಮೇಲಿನ ಕೈಲೆಕ್ಕದಂತೆ 36 ಕಿ.ಮೀ. ನೋಟ ಸಿಗುತ್ತದೆ, ಕೇಳುವವನ ಮಾಳಿಗೆಯ ಎತ್ತರ ಸೇರಿಸಿಕೊಂಡರೆ ಇನ್ನೂ ಹತ್ತು ಹನ್ನೆರಡು ಕಿ.ಮೀ. ಹೆಚ್ಚು. ಬೇಲೂರು, ಹೊಳೆನರಸೀಪುರ, ಚನ್ನರಾಯಪಟ್ಟಣಗಳೆಲ್ಲ ಸರಿಸುಮಾರು ಈ ವರ್ತುಲದ ಒಳಗೇ ಬರುತ್ತವೆ. ನಿಜವಾದ ತೊಡಕಿರುವುದು ಸಕಲೇಶಪುರದಿಂದಾಚೆ, ಮತ್ತು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕೊಪ್ಪ, ಶೃಂಗೇರಿಯ ಮಡಿಕೆಗಳಲ್ಲಿ. ಅಲ್ಲಿ ಗೋಪುರವನ್ನು ನೋಡಲಾಗದ ಮನೆಗೆ ಶಕ್ತಿಯನ್ನು ಎಷ್ಟು ಹೆಚ್ಚಿಸಿದರೂ ಪ್ರಯೋಜನ ಕಡಿಮೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರನನ್ನು ತಲುಪುತ್ತೇನೆಂದು ಹೇಳಿ ಜಾಹೀರಾತು ಮಾರುವ ಕೇಂದ್ರ ಅರ್ಧದಷ್ಟು ತೋಟಗಳಲ್ಲಿ ಕೇಳಿಸದೇ ಹೋದೀತು. ಆದರೆ ಪೇಟೆಯನ್ನಷ್ಟೇ ಗುರಿಯಾಗಿಟ್ಟುಕೊಂಡವನಿಗೆ ಬೆಟ್ಟ ನೆಪವಾಗಲಾರದು.

ಕಾರಣ ಇದ್ದದ್ದು ದೆಹಲಿಯ ಪಟ್ಟಿಗಳಲ್ಲಿ ಮತ್ತು ಶುಲ್ಕದ ಲೆಕ್ಕದಲ್ಲಿ. ವಾಯುತರಂಗಗಳು ಸಾರ್ವಜನಿಕ ಸ್ವತ್ತು, ಸರ್ಕಾರದ ಏಕಸ್ವಾಮ್ಯವಲ್ಲ ಎಂದು ಸುಪ್ರೀಂ ಕೋರ್ಟು ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಹೇಳಿದ್ದು 1995ರಲ್ಲಿ. ಅದಕ್ಕೂ ಮೊದಲು, 1993ರಿಂದ, ಆಕಾಶವಾಣಿ ಕೆಲವು ಮಹಾನಗರಗಳಲ್ಲಿ ತನ್ನ ಎಫ್.ಎಂ. ಸಮಯವನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತ್ತು. 1998ರಲ್ಲಿ ಅದು ನಿಂತಿತು. ಆಮೇಲೆ ಸರ್ಕಾರ ಖಾಸಗಿ ಎಫ್.ಎಂ.ಗೆ ನಡೆಸಿದ ಮೊದಲ ಹಂತದ ಹರಾಜಿನಲ್ಲಿ 40 ನಗರಗಳ 108 ತರಂಗಾಂತರಗಳನ್ನು ಇಡಲಾಯಿತು, ಆದರೆ ಕೊನೆಗೆ ಗಾಳಿಗೆ ಬಂದದ್ದು 12 ನಗರಗಳ 21 ಕೇಂದ್ರಗಳು ಮಾತ್ರ. ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಆರಂಭವಾದ ರೇಡಿಯೊ ಸಿಟಿ ಎಂಬುದನ್ನು ನಿಮ್ಮ ಲೇಖನದಲ್ಲಿ ಬಿಡಬೇಡಿ. ಹಾಸನದಿಂದ ನಾಲ್ಕು ಗಂಟೆಯ ಹಾದಿ ಅದು. ಉಳಿದ ಊರುಗಳು ಏಕೆ ಬರಲಿಲ್ಲವೆಂದರೆ, ಕೂಗಿದ ಹಣವನ್ನು ವರ್ಷವರ್ಷವೂ ಶೇ. 15ರಷ್ಟು ಏರಿಸುತ್ತ ಕಟ್ಟಬೇಕಿತ್ತು, ಜಾಹೀರಾತು ಬರಲಿ ಬಿಡಲಿ. ಹೆಚ್ಚು ಕೂಗಿದವರು ಹಿಂದೆ ಸರಿದರು, ನಿಂತವರು ನಷ್ಟ ಹೊತ್ತರು.

2005ರ ಎರಡನೇ ಹಂತದಲ್ಲಿ ಈ ಏರುವ ಶುಲ್ಕವನ್ನು ಕೈಬಿಟ್ಟು, ಆರಂಭದಲ್ಲಿ ಒಮ್ಮೆ ಪ್ರವೇಶ ಶುಲ್ಕ, ಆಮೇಲೆ ಆದಾಯದ ಶೇ. 4 ಎಂಬ ಕ್ರಮ ತಂದರು. ಕನಿಷ್ಠ ಮೊತ್ತದ ಷರತ್ತು ಮಾತ್ರ ಉಳಿಯಿತು. 91 ನಗರಗಳನ್ನು ಆರಿಸಲಾಗಿತ್ತು, ಮೈಸೂರು, ಮಂಗಳೂರು, ಕಲಬುರಗಿಗಳಿಗೆ ಖಾಸಗಿ ಎಫ್.ಎಂ. ಬಂದದ್ದು ಈ ಹಂತದಲ್ಲಿ. ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲ. ನಿಮ್ಮ ಸ್ನೇಹಿತ ಹೇಳುವ 2008ರಲ್ಲಿ ಹಾಸನಕ್ಕೆ ಅನುಮತಿ ಇರಲು ಸಾಧ್ಯವೇ ಇರಲಿಲ್ಲ ಎನ್ನುವುದಕ್ಕೆ ಇದೇ ಗಟ್ಟಿಯಾದ ಆಧಾರ. 2011ರ ಮೂರನೇ ಹಂತದ ನೀತಿ ಒಂದು ಲಕ್ಷ ಜನಸಂಖ್ಯೆ ದಾಟಿದ ಊರುಗಳಿಗೂ ಬಾಗಿಲು ತೆರೆಯಿತು. 2001ರ ಜನಗಣತಿಯಲ್ಲಿ ಹಾಸನವೂ ಚಿಕ್ಕಮಗಳೂರೂ ಆ ಗೆರೆಯನ್ನು ದಾಟಿದ್ದವು, ಚಿಕ್ಕಮಗಳೂರಂತೂ ಕೂದಲೆಳೆಯಷ್ಟು ಅಂತರದಲ್ಲಿ. ಆದರೆ 2015 ಮತ್ತು 2016ರ ಇ-ಹರಾಜುಗಳು ಮುಗಿದಾಗಲೂ ನಮ್ಮೆರಡು ಊರುಗಳಿಗೆ ಕೇಂದ್ರ ದಕ್ಕಿರಲಿಲ್ಲ. 2016ರ ಸುತ್ತಿನಲ್ಲಿ ಹರಾಜಿಗಿಟ್ಟ 266 ವಾಹಿನಿಗಳಲ್ಲಿ ಮಾರಾಟವಾದದ್ದು 66 ಎಂಬುದನ್ನು ಗಮನಿಸಿದರೆ, ಸಣ್ಣ ಊರಿನ ರೇಡಿಯೊ ಬಗ್ಗೆ ಹಣವಂತರಿಗೆ ಎಷ್ಟು ಹಸಿವಿತ್ತು ಎಂಬುದು ಗೊತ್ತಾಗುತ್ತದೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ನಗರಗಳ 730 ವಾಹಿನಿಗಳನ್ನು ಹರಾಜಿಗಿಡಲು ಒಪ್ಪಿಗೆ ಕೊಟ್ಟಿತು. ಹಾಸನ, ಚಿಕ್ಕಮಗಳೂರು ಎರಡೂ ಆ ಪಟ್ಟಿಯಲ್ಲಿವೆ. ಬೆಂಗಳೂರಿನ ಆ ಮಹನೀಯರು ಇದೇ ಸುದ್ದಿಯನ್ನು ಹಿಡಿದುಕೊಂಡು ನಿಮ್ಮ ಬಳಿ ಬಂದಿರಬೇಕೆಂಬುದು ನನ್ನ ಊಹೆ. ಹೊಸ ನಗರಗಳಿಗೆ ವಾರ್ಷಿಕ ಶುಲ್ಕವನ್ನು ಜಿ.ಎಸ್.ಟಿ. ಬಿಟ್ಟು ಒಟ್ಟು ಆದಾಯದ ಶೇ. 4 ಎಂದು ನಿಗದಿ ಮಾಡಿ, ಪ್ರವೇಶ ಶುಲ್ಕಕ್ಕೂ ಈ ವಾರ್ಷಿಕ ಶುಲ್ಕಕ್ಕೂ ಇದ್ದ ಗಂಟನ್ನು ಬಿಡಿಸಿದ್ದಾರೆ. ಇದು ಸಣ್ಣ ಊರಿಗೆ ನಿಜವಾದ ಅನುಕೂಲ. ಆದರೆ ಹರಾಜಿನಲ್ಲಿ ಕೂಗಲು ನೋಂದಾಯಿತ ಕಂಪನಿಯೇ ಆಗಿರಬೇಕು, ವ್ಯಕ್ತಿಗೆ ಅವಕಾಶವಿಲ್ಲ. ಜನಸಂಖ್ಯೆಯ ಲೆಕ್ಕದಲ್ಲಿ 'ಡಿ' ವರ್ಗಕ್ಕೆ ಸೇರಿದ ನಮ್ಮಂಥ ಸಣ್ಣ ಊರುಗಳಿಗೆ ಕಂಪನಿಯ ನಿವ್ವಳ ಮೌಲ್ಯ ಕನಿಷ್ಠ 1 ಕೋಟಿ ಇರಬೇಕೆಂದು 2022ರ ತಿದ್ದುಪಡಿ ಹೇಳುತ್ತದೆ. ಮೊದಲು ಅದು 1.5 ಕೋಟಿ ಇತ್ತು. 18 ಲಕ್ಷದ ಫ್ರಾಂಚೈಸಿ ಈ ಲೆಕ್ಕದಲ್ಲಿ ಎಲ್ಲಿ ಕೂರುತ್ತದೆ ಎಂದು ಅವರನ್ನೇ ಕೇಳಿ.

ಒಂದು ಕೋಟಿಯ ಪಾಲುದಾರರು ನಿಮಗೆ ಸಿಕ್ಕರು ಎಂದೇ ಇಟ್ಟುಕೊಳ್ಳೋಣ. ಆಗಲೂ ನಾನು ಮೊದಲು ಕೇಳುವುದು ಟ್ರಾನ್ಸ್‌ಮಿಟರಿನ ಬಗ್ಗೆಯಲ್ಲ, ನಿಮ್ಮೂರಿನ ಅಂಗಡಿಗಳ ಬಗ್ಗೆ. ಗಂಟೆಗೆ 10 ನಿಮಿಷ ಜಾಹೀರಾತು, ದಿನಕ್ಕೆ 16 ಗಂಟೆ ಪ್ರಸಾರ ಎಂದರೆ ಹತ್ತು ಸೆಕೆಂಡಿನ 960 ತುಣುಕುಗಳು ಮಾರಾಟಕ್ಕೆ ಸಿಗುತ್ತವೆ. ಅದರಲ್ಲಿ ಕಾಲುಭಾಗ, ಅಂದರೆ 240, ತುಣುಕಿಗೆ 30 ರೂಪಾಯಿಯಂತೆ ಮಾರಾಟವಾದರೆ ದಿನಕ್ಕೆ 7,200, ತಿಂಗಳಿಗೆ 2.16 ಲಕ್ಷ ರೂಪಾಯಿ. ಇದು ಕೇವಲ ಉದಾಹರಣೆಯ ಲೆಕ್ಕ. ಆದರೆ ಇದೇ ಹಣದಲ್ಲಿ ನಿರೂಪಕರು, ಜಾಹೀರಾತು ತರುವವರು, ತಂತ್ರಜ್ಞರ ಸಂಬಳ, ವಿದ್ಯುತ್ತು, ಜನರೇಟರಿನ ಡೀಸೆಲ್, ಗೋಪುರದ ಬಾಡಿಗೆ, ಸರ್ಕಾರದ ಶೇ. 4, ಹಾಡುಗಳ ಹಕ್ಕಿನ ಹಣ ಎಲ್ಲವೂ ಏಳಬೇಕು. ಗೋಪುರವನ್ನು ನಿಮ್ಮಿಷ್ಟದ ಜಾಗದಲ್ಲಿ ಕಟ್ಟಿಕೊಳ್ಳುವಂತೆಯೂ ಇಲ್ಲ, ಸಾಮಾನ್ಯವಾಗಿ ಪ್ರಸಾರ ಭಾರತಿಯ ಗೋಪುರದಲ್ಲೇ ಎಲ್ಲ ಖಾಸಗಿಯವರೂ ಜೊತೆಯಾಗಿ ಆಂಟೆನಾ ಇಟ್ಟು ಬಾಡಿಗೆ ಕೊಡಬೇಕು. ಹಾಡಿನ ವಿಷಯದಲ್ಲಿ 2010ರಲ್ಲಿ ಹಕ್ಕುಸ್ವಾಮ್ಯ ಮಂಡಳಿ ನಿವ್ವಳ ಜಾಹೀರಾತು ಆದಾಯದ ಶೇ. 2 ಎಂದು ಗೊತ್ತುಮಾಡಿದ್ದು ರೇಡಿಯೊ ಕಂಪನಿಗಳಿಗೆ ಉಸಿರು ಕೊಟ್ಟಿತ್ತು. 2020ರ ಕೊನೆಯಲ್ಲಿ ಅದು ಹಾಡು ಬಾರಿಸಿದ ಗಂಟೆಗಳ ಲೆಕ್ಕಕ್ಕೆ ತಿರುಗಿತು. ಆದಾಯದ ಪಾಲು ಎಂದರೆ ಬರಗಾಲದಲ್ಲಿ ಶುಲ್ಕವೂ ಇಳಿಯುತ್ತದೆ, ಗಂಟೆಯ ಲೆಕ್ಕಕ್ಕೆ ಬರಗಾಲ ಗೊತ್ತಾಗುವುದಿಲ್ಲ.

ನಮ್ಮ ಎರಡು ಜಿಲ್ಲೆಗಳ ಜಾಹೀರಾತು ವರ್ಷವಿಡೀ ಒಂದೇ ಸಮನೆ ಹರಿಯುವಂಥದ್ದೂ ಅಲ್ಲ. ಹಾಸನಾಂಬೆಯ ಬಾಗಿಲು ತೆರೆದು ದೀಪಾವಳಿ ಮುಗಿಯುವವರೆಗೆ ಬಟ್ಟೆಯಂಗಡಿ, ವಾಹನದ ಷೋರೂಮುಗಳು ಕೈ ಬಿಚ್ಚುತ್ತವೆ. ಕಾಫಿ ಕೊಯ್ಲಿನ ಹಣ ಕೈಗೆ ಬಂದಮೇಲೆ ಒಡವೆ ಅಂಗಡಿ, ಮದುವೆಯ ಋತು. ಪರೀಕ್ಷೆ ಮುಗಿದ ಹೊತ್ತಿಗೆ ಕಾಲೇಜು, ಟ್ಯೂಷನ್ನುಗಳು. ಮಳೆ ಹಿಡಿದುಕೊಂಡ ಜುಲೈ, ಆಗಸ್ಟ್‌ನಲ್ಲಿ ಅಂಗಡಿಯವನು ಫೋನಿನಲ್ಲಿ "ನೋಡೋಣ ಸರ್, ಗೌರಿಹಬ್ಬ ಕಳೀಲಿ" ಎನ್ನುತ್ತಾನೆ. ಹಲವು ವರ್ಷಗಳ ಹಿಂದೆ ನಾನು ತಾಂತ್ರಿಕ ಸಲಹೆ ಕೊಡುತ್ತಿದ್ದ, ಇಲ್ಲಿ ಹೆಸರು ಬೇಡದ ಒಂದು ಕೇಂದ್ರದಲ್ಲಿ ಕೇಳುಗರ ಕರೆಗಳು ಎಷ್ಟು ಬರುತ್ತಿದ್ದವೆಂದರೆ ಫೋನ್ ಇಳಿಸಲು ಪುರುಸೊತ್ತಿರಲಿಲ್ಲ. ಅದೇ ಕೇಂದ್ರದಲ್ಲಿ ಮೂರು ತಿಂಗಳ ಜಾಹೀರಾತು ಬಿಲ್ಲುಗಳು ವಸೂಲಾಗದೆ ಸಿಬ್ಬಂದಿಯ ಸಂಬಳ ನಿಂತಿತ್ತು. ಪ್ರಸಾರ ಆದದ್ದಕ್ಕೆ ಸರಿಯಾದ ಪ್ರಮಾಣಪತ್ರ ಕೊಟ್ಟಿರಲಿಲ್ಲ, ಬಾಯಿಮಾತಿನ ಆದೇಶದ ಮೇಲೆ ಸ್ಪಾಟ್ ಹಾಕಿದ್ದರು, ಅಂಗಡಿಯವರು ಒಪ್ಪಲಿಲ್ಲ. ನನ್ನ ಯಂತ್ರಗಳು ಒಂದು ದಿನವೂ ಕೈಕೊಟ್ಟಿರಲಿಲ್ಲ ಎಂಬ ಹೆಮ್ಮೆ ಆಗ ಯಾವ ಕೆಲಸಕ್ಕೂ ಬರಲಿಲ್ಲ.

ಸುದ್ದಿಯ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಊರಿನ ಕೇಂದ್ರ ಎಂದರೆ ಊರಿನ ಸುದ್ದಿ ಹೇಳಬಹುದು ಎಂದು ಬಹಳ ಮಂದಿ ತಿಳಿದಿರುತ್ತಾರೆ. ಮೂರನೇ ಹಂತದ ನಿಯಮದಲ್ಲಿ ಖಾಸಗಿ ಎಫ್.ಎಂ. ಸ್ವಂತ ಸುದ್ದಿ ಹೇಳುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದದ್ದು ಇದ್ದಂತೆ ಮರುಪ್ರಸಾರ ಮಾಡಬಹುದು. ಹವಾಮಾನ, ಸಂಚಾರ, ಪರೀಕ್ಷಾ ಫಲಿತಾಂಶ, ಹಬ್ಬ ಜಾತ್ರೆಗಳ ಮಾಹಿತಿ, ವಿದ್ಯುತ್ತು ನೀರಿನ ಬಗ್ಗೆ ಸ್ಥಳೀಯ ಆಡಳಿತ ಕೊಡುವ ಪ್ರಕಟಣೆ ಇವೆಲ್ಲ ಸುದ್ದಿಯ ಲೆಕ್ಕಕ್ಕೆ ಬರುವುದಿಲ್ಲ, ಹೇಳಬಹುದು. ಸೀಮಿತವಾಗಿ ಸುದ್ದಿಗೂ ಅವಕಾಶ ಕೊಡಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. ಶಿರಾಡಿಯಲ್ಲಿ ಗುಡ್ಡ ಜರಿದ ಮಳೆಗಾಲದ ರಾತ್ರಿ ಸಂಚಾರ ಮಾಹಿತಿ ಹೇಳಲು ಈಗಿನ ನಿಯಮವೂ ಅಡ್ಡಬರುವುದಿಲ್ಲ, ಮತ್ತು ನಮ್ಮ ಕಡೆ ರೇಡಿಯೊಗೆ ಅದಕ್ಕಿಂತ ದೊಡ್ಡ ಕೆಲಸ ಇರಲಾರದು.

ಸಮುದಾಯ ಬಾನುಲಿಯ ದಾರಿಯನ್ನು ನಿಮ್ಮ ಪತ್ರದಲ್ಲಿ ನೀವು ಎತ್ತಿಲ್ಲ, ಆದರೆ ಯಾರಾದರೂ ಎತ್ತಿಯೇ ಎತ್ತುತ್ತಾರೆ. 2002ರಲ್ಲಿ ಶಿಕ್ಷಣ ಸಂಸ್ಥೆಗಳಿಗೆ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಇದು ತೆರೆಯಿತು. ಹರಾಜಿಲ್ಲ, ಆದರೆ ಲಾಭವೂ ಇಲ್ಲ. ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆಯಾಗಿರಬೇಕು, ವ್ಯಕ್ತಿಗೂ ವ್ಯಾಪಾರಿ ಕಂಪನಿಗೂ ಕೊಡುವುದಿಲ್ಲ, ಪ್ರಸಾರ ಶಕ್ತಿ 100 ವ್ಯಾಟ್, ಸದ್ದು ಹತ್ತು ಹದಿನೈದು ಕಿಲೋಮೀಟರಿನೊಳಗೆ ಮುಗಿಯುತ್ತದೆ. ಜಾಹೀರಾತಿಗೆ ಗಂಟೆಗೆ 12 ನಿಮಿಷದವರೆಗೆ ಅವಕಾಶವಿದೆ. ನಿಮ್ಮ ಸಂಘ ನಿಜವಾಗಿಯೂ ಸೇವೆಯ ಸಂಘವಾಗಿದ್ದು, ಕಾರ್ಯಕ್ರಮ ಮಾಡಿಕೊಡುವ ಜನರಿದ್ದರೆ ಯೋಚಿಸಿ, ವಾಣಿಜ್ಯ ಎಫ್.ಎಂ.ಗೆ ಹಿಂಬಾಗಿಲು ಎಂದು ಯೋಚಿಸಿದರೆ ಎರಡನೇ ವರ್ಷಕ್ಕೆ ಸಂಘವೂ ಒಡೆಯುತ್ತದೆ, ಕೇಂದ್ರವೂ ನಿಲ್ಲುತ್ತದೆ.

ಅಂತರ್ಜಾಲ ರೇಡಿಯೊ ನಾಳೆಯೇ ಆರಂಭಿಸಬಹುದು, ತರಂಗಾಂತರದ ಗೋಜಿಲ್ಲ. ಆದರೆ ಅದರಲ್ಲಿ ಚಿತ್ರಗೀತೆ ಹಾಕಲು ಹಕ್ಕುದಾರರ ಅನುಮತಿ ಬೇಕೇ ಬೇಕು, ಮತ್ತು ಸಿಗ್ನಲ್ ಸಿಗದ ತೋಟಗಳಲ್ಲಿ ಅದು ಎಫ್.ಎಂ.ಗಿಂತಲೂ ಮೂಕವಾಗಿರುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾಡುತ್ತಿದ್ದ ಕೆಲಸ ಬೇರೆಯೇ. ನಿಮ್ಮಲ್ಲಿ ಈಗಾಗಲೇ ಧ್ವನಿಯಿದೆ, ಕೋಣೆಯಿದೆ, ಊರಿನ ಅಂಗಡಿಯವರ ಪರಿಚಯವಿದೆ. ಹೊರಗಿನಿಂದ ಬರುವ ಯಾವ ಕಂಪನಿಗೂ ಇವು ಮೊದಲ ವರ್ಷ ಇರುವುದಿಲ್ಲ. 102.2ಕ್ಕೆ ಊರಿನ ವ್ಯಾಪಾರಿಗಳ ಸ್ಪಾಟ್‌ಗಳನ್ನು ಬರೆದು, ಧ್ವನಿಮುದ್ರಿಸಿ, ಅಲ್ಲಿನ ದರಪಟ್ಟಿಯಂತೆ ಹಾಕಿಸಿಕೊಡುವ ಕೆಲಸವನ್ನು ಇಂದಿನಿಂದಲೇ ಮಾಡಿ. ಎರಡು ವರ್ಷ ಹಾಗೆ ಮಾಡಿದರೆ ಹಾಸನದಲ್ಲಿ ರೇಡಿಯೊ ಜಾಹೀರಾತಿಗೆ ಯಾರು ಎಷ್ಟು ಕೊಡುತ್ತಾರೆ, ಯಾರು ತಡವಾಗಿ ಕೊಡುತ್ತಾರೆ, ಯಾರು ಕೊಡುವುದೇ ಇಲ್ಲ ಎಂಬ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ನಾಳೆ ಹರಾಜಿನಲ್ಲಿ ಯಾವುದಾದರೂ ಕಂಪನಿ ಹಾಸನವನ್ನು ಗೆದ್ದು ಬಂದರೆ ಅವರಿಗೆ ಬೇಕಾಗುವುದು ಆ ಪಟ್ಟಿಯೇ. ಇದರಲ್ಲಿ ಅಪಾಯವಿಲ್ಲ ಎನ್ನಲಾರೆ, ಅಂಗಡಿಯವನು ಹಣ ಉಳಿಸಿಕೊಂಡರೆ ನಿಮ್ಮ ಕೈಯಿಂದ ಹೋಗುತ್ತದೆ. ಆದರೆ ಹೋಗುವುದು ಸಾವಿರಗಳಲ್ಲಿ.

ಲೇಖನಕ್ಕೆ ಬೇಕಾದ ಆಧಾರಗಳೂ ಇದೇ ಓಡಾಟದಲ್ಲಿ ಸಿಗುತ್ತವೆ. ರೇಡಿಯೊ ಇತಿಹಾಸದಲ್ಲಿ ನೆನಪನ್ನು ಪೂರ್ತಿ ನಂಬಬಾರದು, ಪೂರ್ತಿ ತಳ್ಳಿಹಾಕಲೂಬಾರದು. ಖಾಸಗಿ ಕೇಂದ್ರವೊಂದು ಒಂದು ವರ್ಷ ನಡೆದಿದ್ದರೂ ಅದು ಕಾಗದ ಬಿಟ್ಟುಹೋಗುತ್ತದೆ: ಅಂಗಡಿಯಲ್ಲಿ ಬಿಲ್ಲು, ಏಜೆನ್ಸಿಯಲ್ಲಿ ಜಾಹೀರಾತು ಹಾಕಲು ಕೊಟ್ಟ ರಿಲೀಸ್ ಆರ್ಡರ್, ದಿನಪತ್ರಿಕೆಯ ಸ್ಥಳೀಯ ಪುಟದಲ್ಲಿ ಉದ್ಘಾಟನೆಯ ಫೋಟೊ, ಸಚಿವಾಲಯದ ಪಟ್ಟಿಯಲ್ಲಿ ಹೆಸರು. ಹತ್ತು ಅಂಗಡಿಗಳ ಹಳೆಯ ಲೆಕ್ಕದ ಪುಸ್ತಕ ಕೇಳಿ ನೋಡಿ, 102.2ಕ್ಕೆ ಕೊಟ್ಟ ಹಣದ ರಸೀದಿ ಸಿಕ್ಕೀತು, ಹಾಸನದ 92.7ಕ್ಕೆ ಕೊಟ್ಟದ್ದು ಸಿಗಲಾರದು. ಸ್ನೇಹಿತನನ್ನೂ ಇನ್ನೊಮ್ಮೆ ಕೂರಿಸಿಕೊಂಡು, ತಾನು ಕೇಳಿದ ಜಾಹೀರಾತಿನಲ್ಲಿ ಯಾವ ಊರಿನ ಅಂಗಡಿಯ ಹೆಸರಿತ್ತು ಎಂದು ಕೇಳಿ. ಮಂಗಳೂರಿನ ಹಂಪನಕಟ್ಟೆಯೋ ಮೈಸೂರಿನ ದೇವರಾಜ ಅರಸು ರಸ್ತೆಯೋ ಎಂದು ಆತನೇ ಹೇಳಿಬಿಡುವ ಸಂಭವ ಹೆಚ್ಚು.

ಫ್ರಾಂಚೈಸಿಯವರು ಮತ್ತೆ ಫೋನ್ ಮಾಡಿದರೆ ಜಗಳವಾಡಬೇಕಿಲ್ಲ. ಹಾಸನದ ಹೆಸರು ಮತ್ತು ತರಂಗಾಂತರ ಎರಡೂ ಇರುವ, ಸಚಿವಾಲಯ ಕೊಟ್ಟ ಅನುಮತಿ ಪತ್ರದ ಪ್ರತಿಯನ್ನು ಕಳಿಸಿ, ನನ್ನ ಲೆಕ್ಕಪರಿಶೋಧಕರಿಗೆ ತೋರಿಸಬೇಕು ಎಂದಷ್ಟೇ ಹೇಳಿ.